ಕಾಲೆಳೆಯುವುದು ಯಾರ ಕಾಲನ್ನು?

ಹೋದ ತಿಂಗಳು ಊರಿನಿಂದ ಬಂದ ನೆಂಟರು ಒಂದು ಕನ್ನಡ ಪತ್ರಿಕೆ ತಂದಿದ್ದರು. ನಮ್ಮಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಿದ್ದವರು ತಲೆಯೆತ್ತಿ ಕೇಳಿದರು: "ಅಲ್ಲ ಕಣೋ, ಸರ್ಕಾರ ಕಾಲೆಳೆಯುತ್ತಿದೆ ಅಂತ ಹಾಕಿದ್ದಾರಲ್ಲ, ಯಾರ ಕಾಲನ್ನು?"

ಸುದ್ದಿ ಇದ್ದದ್ದು ಯಾವುದೋ ನೀರಿನ ಯೋಜನೆಯ ಬಗ್ಗೆ. ಇಂಗ್ಲಿಷಿನಲ್ಲಿ 'ಡ್ರ್ಯಾಗಿಂಗ್ ಇಟ್ಸ್ ಫೀಟ್' ಎಂದು ಇದ್ದಿರಬೇಕು, ಅನುವಾದಿಸಿದವರಿಗೆ ಅವಸರ. ಇಂಗ್ಲಿಷಿನವರು ಎಳೆಯುವುದು ತಮ್ಮದೇ ಕಾಲನ್ನು. ಹೋಗಲು ಮನಸ್ಸಿಲ್ಲದವನು ಪಾದ ಎತ್ತಿಡದೆ ನೆಲಕ್ಕೆ ಸವರಿಕೊಂಡು ನಡೆಯುತ್ತಾನಲ್ಲ, ಆ ಚಿತ್ರ. ನಮ್ಮಲ್ಲಿ ಕಾಲೆಳೆಯುವುದೆಂದರೆ ಇನ್ನೊಬ್ಬರದ್ದು. ಒಂದೋ ತಮಾಷೆ ಮಾಡುವುದು, ಇಲ್ಲವೇ ಮೇಲೆ ಹತ್ತುತ್ತಿರುವವನನ್ನು ಕೆಳಗೆ ಬೀಳಿಸುವುದು. ಅವರಿಗೆ ಫುಟ್ ಬೇರೆ, ಲೆಗ್ ಬೇರೆ. ನಮಗೆ ಪಾದದಿಂದ ತೊಡೆಯವರೆಗೆ ಎಲ್ಲವೂ ಕಾಲೇ. ಎಡವಟ್ಟಾಗದೆ ಇನ್ನೇನಾಗುತ್ತದೆ?

'ಕೊಂಡು' ಎಂಬ ಪುಟ್ಟ ಮಾತನ್ನು ಸೇರಿಸಿ ನೋಡಿ, ಅರ್ಥ ಸರಿಹೋಗುತ್ತದೆ. ಸೋಮವಾರ ಬೆಳಿಗ್ಗೆ ಹುಡುಗ ಕಾಲೆಳೆದುಕೊಂಡು ಶಾಲೆಗೆ ಹೋದ ಎಂದರೆ ಯಾರಿಗೂ ಗೊಂದಲವಿಲ್ಲ. ಆದರೆ ಸರ್ಕಾರದ ವಿಷಯಕ್ಕೆ ನಾವು ಅದನ್ನೂ ಬಳಸುವುದಿಲ್ಲ, ಬಳಸುವ ಅಗತ್ಯವೂ ಇಲ್ಲ. ಹಿಂದೇಟು ಹಾಕುವುದು ಇದೆ. ಅದರಲ್ಲಿ ಮನಸ್ಸಿನ ಅಳುಕು ಕಾಣುತ್ತದೆ. ಮೀನಮೇಷ ಎಣಿಸುವುದು ಇದೆ. ಮೀನ ಕೊನೆಯ ರಾಶಿ, ಮೇಷ ಮೊದಲನೆಯದು. ಸುತ್ತು ಮುಗಿಯುವುದೇ ಇಲ್ಲ, ಒಳ್ಳೆಯ ಮುಹೂರ್ತ ಬರುವುದೂ ಇಲ್ಲ. ಕಡತ ನೆನೆಗುದಿಗೆ ಬೀಳುತ್ತದೆ. ಸಂಸ್ಕೃತದಿಂದ ಬಂದ ದೀರ್ಘಸೂತ್ರಿ ಇದ್ದಾನೆ, ನೂಲನ್ನು ಉದ್ದಕ್ಕೆ ಎಳೆಯುತ್ತಲೇ ಇರುವವನು. ಭಗವದ್ಗೀತೆಯ 18ನೇ ಅಧ್ಯಾಯ ಅವನನ್ನು ತಾಮಸರ ಸಾಲಿಗೆ ಸೇರಿಸಿದೆ. ಇನ್ನು 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ದೆವ್ವವನ್ನು ಸಾಗಹಾಕಲು ಬರೆದಿರುತ್ತಿದ್ದ 'ನಾಳೆ ಬಾ' ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಬರಹ ಬಾಗಿಲಿನಿಂದ ಅಳಿಸಿಹೋಯಿತು, ಕಚೇರಿಗಳ ಕಿಟಕಿಯಲ್ಲಿ ಉಳಿದುಕೊಂಡಿತು.

ನಾವಿರುವ ಈ ಚೆನ್ನೈನಲ್ಲಿ ಇದಕ್ಕೆ ಇನ್ನೂ ಚುರುಕಾದ ಮಾತಿದೆ. 'ಇಳುತ್ತಡಿಕ್ಕಿರಾಂಗ' ಎನ್ನುತ್ತಾರೆ, ಎಳೆದೆಳೆದು ಸತಾಯಿಸುತ್ತಾರೆ ಎಂದು. ಅದಕ್ಕಿಂತ ಮೆತ್ತನೆಯದು 'ಪಾಕ್ಕಲಾಂ'. ನಮ್ಮ 'ನೋಡೋಣ' ಇದರ ಅವಳಿ. ಇವೆರಡನ್ನೂ ಕೇಳಿದವರು ಮನೆಗೆ ಹೋಗುವುದೇ ವಾಸಿ.

ಕನ್ನಡ, ತಮಿಳು ಎರಡೂ ಕೂಡಿ ಹಿಂದೇಟು ಹಾಕಿದ ಕಥೆಯೊಂದು ನಮ್ಮ ನಡುವೆಯೇ ನಡೆದಿದೆ. ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ತಿರುವಳ್ಳುವರ್ ಪ್ರತಿಮೆ ಬಂದು ನಿಂತದ್ದು 1991ರಲ್ಲಿ. ಕನ್ನಡ ಸಂಘಟನೆಗಳು ವಿರೋಧಿಸಿದವು. ಅದೇ ವರ್ಷ ಕಾವೇರಿಯ ಮಧ್ಯಂತರ ಆದೇಶ ಬಂತು, ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಗಲಭೆಯಾಯಿತು. ಪ್ರತಿಮೆಯ ಮುಸುಕು ಹಾಗೇ ಉಳಿಯಿತು. 2000ದಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಈ ಪ್ರತಿಮೆಯ ಅನಾವರಣವೂ ಒಂದಾಗಿತ್ತು. ಆ ದಿನಗಳಲ್ಲಿ ಈ ಊರಿನ ಕನ್ನಡಿಗರ ಮನೆಗಳಲ್ಲಿದ್ದ ಆತಂಕವನ್ನು ಹಿರಿಯರು ಈಗಲೂ ನೆನೆಯುತ್ತಾರೆ.

ಕೊನೆಗೆ 2009ರ ಆಗಸ್ಟ್ 9ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಕರುಣಾನಿಧಿಯವರು ವಳ್ಳುವರ್ ಪ್ರತಿಮೆಯನ್ನು ಅನಾವರಣ ಮಾಡಿದರು. ಆಗಸ್ಟ್ 13ರಂದು ಇಲ್ಲಿ ಅಯನಾವರದ ಜೀವಾ ಪಾರ್ಕಿನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ಸರ್ವಜ್ಞನ ಪ್ರತಿಮೆಯನ್ನು ಅನಾವರಣ ಮಾಡಿದರು. 18 ವರ್ಷ ಕೂಡಿಬಾರದ ಕಾಲ ನಾಲ್ಕು ದಿನದ ಅಂತರದಲ್ಲಿ ಎರಡೂ ಕಡೆ ಕೂಡಿಬಂತು! ಮುಸುಕು ಹಾಕಿದ ವರ್ಷ ಹುಟ್ಟಿದ ಮಗು, ಮುಸುಕು ತೆಗೆಯುವ ಹೊತ್ತಿಗೆ ಮತ ಹಾಕುವ ವಯಸ್ಸಿಗೆ ಬಂದಿತ್ತು. ಎರಡು ಸರ್ಕಾರಗಳೂ ಜಾಣತನದಿಂದ ಕಾದವು ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 'ನೀನು ಮೊದಲು' ಎಂದು ಇಬ್ಬರೂ ಹೊಸ್ತಿಲಲ್ಲಿ ನಿಂತಿದ್ದರು, ಅಷ್ಟೆ. ಇದರಲ್ಲಿ ನಗು ಬರುವ ಸಂಗತಿ ಎಂದರೆ, ತಿರುಕ್ಕುರಳಿನ 61ನೇ ಅಧ್ಯಾಯದ ಹತ್ತೂ ಕುರಳುಗಳು ಸೋಮಾರಿತನದ ವಿರುದ್ಧವೇ ಇವೆ. ಅಲ್ಲಿ ಒಂದು ಕಡೆ ತಡಮಾಡುವುದನ್ನು ಮರೆವು, ನಿದ್ದೆಗಳ ಜೊತೆಗೇ ಎಣಿಸಿದ್ದಾರೆ. ಅದನ್ನು ಬರೆದವರಿಗೇ ನಾವು 18 ವರ್ಷ ಬಟ್ಟೆ ಹೊದಿಸಿ ನಿಲ್ಲಿಸಿದ್ದೆವು.

ಸರ್ಕಾರವನ್ನು ಬೈಯುವುದು ಸುಲಭ. ಅಮ್ಮನ ಪ್ರಶ್ನೆಗೆ ನಾನು ಇಷ್ಟೆಲ್ಲ ವಿವರಿಸಿದೆ. ಅವರು ಪತ್ರಿಕೆ ಮಡಿಸಿಟ್ಟು, "ಸರಿ, ಪುಟ್ಟಿಗೆ ಕನ್ನಡ ಅಕ್ಷರ ಕಲಿಸ್ತೀನಿ ಅಂದಿದ್ದೆಯಲ್ಲ, ಅದೇನಾಯ್ತು?" ಎಂದರು.

ನನ್ನ ಮಗಳು ಆರನೇ ತರಗತಿ. ಮನೆಯಲ್ಲಿ ಚೆನ್ನಾಗಿಯೇ ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಅವಳು ಒಂದನೇ ತರಗತಿಗೆ ಸೇರಿದಾಗ ಊರಿನಿಂದ ಕಾಗುಣಿತದ ಪುಸ್ತಕ ತಂದಿಟ್ಟಿದ್ದೇನೆ. ದಸರಾ ರಜೆ ಬರಲಿ ಎಂದೆ, ಆಮೇಲೆ ದೊಡ್ಡ ರಜೆ ಎಂದೆ, ಆಮೇಲೆ ಅವಳ ಪರೀಕ್ಷೆ, ನನ್ನ ಆಫೀಸಿನ ಆಡಿಟ್ಟು. ಐದು ವರ್ಷ ಹೀಗೇ ಹೋಯಿತು. ಅಮ್ಮನಿಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಇನ್ನೊಂದು ದಿನೇದಿನೇ ಮಂಜಾಗುತ್ತಿದೆ. ಮೊಮ್ಮಗಳು ಪಕ್ಕದಲ್ಲಿ ಕೂತು ಪತ್ರಿಕೆ ಓದಿ ಹೇಳಬೇಕೆಂಬುದು ಅವರ ಆಸೆ. ಅದನ್ನು ಅವರು ಒಮ್ಮೆ ಮಾತ್ರ ಹೇಳಿದರು, ಎರಡನೇ ಸಲ ಕೇಳಲಿಲ್ಲ.

ನಾನು ಅಂದು "ನೋಡೋಣಮ್ಮ" ಎನ್ನಲು ಬಾಯಿ ತೆರೆದೆ. ಅಮ್ಮ ನನ್ನ ಮುಖ ನೋಡಿ ನಕ್ಕುಬಿಟ್ಟರು. ಸಂಜೆ ಅಟ್ಟದಿಂದ ಪುಸ್ತಕ ಇಳಿಸಿದೆ. ಅಂಚಿಗೆ ಗೆದ್ದಲು ಹಿಡಿದಿತ್ತು, ಅಕ್ಷರಗಳು ಉಳಿದಿದ್ದವು. ಈಗ ಮಗಳು 'ಣ'ದ ತನಕ ಬಂದಿದ್ದಾಳೆ. ಅಜ್ಜಿಯೇ ಬೆರಳು ಹಿಡಿದು ತಿದ್ದಿಸುತ್ತಿದ್ದಾರೆ.