ಮಿಡಿತದ ಬೆಸುಗೆಗಳು



ಈ ಹೃದಯ ಪ್ರದರ್ಶನದ ಮೊದಲ ಮೇಜಿನ ಸ್ಲೈಡಿನಲ್ಲಿ ಹೃದಯ ಸ್ನಾಯುವಿನ ಎಳೆಗಳಿವೆ. ಅವನ್ನು ಅಡ್ಡಹಾಯುವ ಕಡುಬಣ್ಣದ ಗೆರೆಗಳನ್ನು ದಯವಿಟ್ಟು ನಿಂತು ನೋಡಿ. ಇಂಟರ್‌ಕ್ಯಾಲೇಟೆಡ್ ಡಿಸ್ಕ್ ಎನ್ನುವುದು ಇವನ್ನೇ. ಜರ್ಮನ್ ವಿಜ್ಞಾನಿ ಕಾರ್ಲ್ ಎಬರ್ಟ್ 1866ರಲ್ಲೇ ಇವನ್ನು ವರ್ಣಿಸಿದ್ದರು. ಆದರೂ ಹೃದಯದ ಸ್ನಾಯು ಗೋಡೆಗಳಿಲ್ಲದ ಒಂದೇ ಅಖಂಡ ಜಾಲ ಎಂಬ ನಂಬಿಕೆ ಬಹುಕಾಲ ಉಳಿಯಿತು. ಇಷ್ಟು ಒಗ್ಗಟ್ಟಾಗಿ ಮಿಡಿಯುವುದು ಬಿಡಿಬಿಡಿ ಕೋಶಗಳು ಎಂದರೆ ಯಾರು ತಾನೇ ನಂಬಿಯಾರು? 1954ರಲ್ಲಿ ಸ್ವೀಡನ್ನಿನ ಷೋಸ್ಟ್ರಾಂಡ್ ಮತ್ತು ಆಂಡರ್ಸನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದು ಗೆರೆಯೊಳಗೆ ಎರಡು ಪೊರೆಗಳು ಕಂಡವು. ಪ್ರತಿ ಕೋಶಕ್ಕೂ ತನ್ನದೇ ಎಲ್ಲೆ ಇತ್ತು.

ಬೇರೆಬೇರೆ ಇದ್ದೂ ಕೂಡಿ ಮಿಡಿಯುವ ಗುಟ್ಟು ಈ ಡಿಸ್ಕ್ ಎಂಬ ಬೆಸುಗೆಯಲ್ಲಿದೆ. ಅದು ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಅಡ್ಡ ಭಾಗದಲ್ಲಿ ಫೇಸಿಯಾ ಅಡ್ಹೆರೆನ್ಸ್ ಒಂದು ಕೋಶದ ಸೆಳೆತವನ್ನು ಮುಂದಿನದಕ್ಕೆ ಮುಟ್ಟಿಸುತ್ತದೆ. ಡೆಸ್ಮೋಸೋಮುಗಳು ಅಂಗಿಯ ಗುಂಡಿಗಳಂತೆ ಅಲ್ಲಲ್ಲಿ ಬಿಗಿಹಿಡಿಯುತ್ತವೆ. ಉದ್ದ ಭಾಗದಲ್ಲಿ ಗ್ಯಾಪ್ ಜಂಕ್ಷನ್‌ಗಳು ಹೆಚ್ಚು. ಕೆಳಕೋಣೆಗಳಲ್ಲಿ ಇವು ಮುಖ್ಯವಾಗಿ ಕನೆಕ್ಸಿನ್ 43 ಎಂಬ ಪ್ರೋಟೀನಿನವು: ಈ ಕೋಶದಿಂದ ಆರು ಅಣು, ಆ ಕೋಶದಿಂದ ಆರು, ಸೇರಿದರೆ ಒಂದು ನಳಿಗೆ. ಅದರೊಳಗೆ ಅಯಾನುಗಳು ಹರಿದು ವಿದ್ಯುತ್ ಸಂಕೇತ ದಾಟುತ್ತದೆ.

ಹಿಡಿಯುವುದು ಒಂದು ಕೆಲಸ, ಸುದ್ದಿ ದಾಟಿಸುವುದು ಇನ್ನೊಂದು. ಆದರೆ ಮೊದಲನೆಯದು ಸೋತರೆ ಎರಡನೆಯದೂ ಸೋಲುತ್ತದೆ. ಗ್ರೀಸಿನ ನಾಕ್ಸೋಸ್ ದ್ವೀಪದ ಕೆಲವು ಕುಟುಂಬಗಳಲ್ಲಿ ಉಣ್ಣೆಯಂಥ ಕೂದಲು, ದಪ್ಪಗಟ್ಟಿದ ಅಂಗೈ ಅಂಗಾಲು, ಜೊತೆಗೆ ಲಯ ತಪ್ಪುವ ಹೃದಯ ಇರುವುದನ್ನು 1986ರಲ್ಲಿ ವೈದ್ಯರು ದಾಖಲಿಸಿದರು. ಚರ್ಮಕ್ಕೂ ಹೃದಯಕ್ಕೂ ಏನು ನಂಟು? ಎರಡರ ಬೆಸುಗೆಯಲ್ಲೂ ಇರುವ ಪ್ಲಾಕೋಗ್ಲೋಬಿನ್ ಪ್ರೋಟೀನಿನ ಜೀನ್ ಕೆಟ್ಟಿದೆಯೆಂದು 2000ದಲ್ಲಿ ತಿಳಿಯಿತು. ಅಂಥ ಹೃದಯದಲ್ಲಿ ಗ್ಯಾಪ್ ಜಂಕ್ಷನ್‌ಗಳೂ ಕಡಿಮೆಯಾಗಿರುವುದು ಆಮೇಲೆ ಕಂಡುಬಂತು.

ವಿದ್ಯಾರ್ಥಿಗಳೇ, ನಾಳೆ ನಿಮ್ಮ ಕೈಗೆ ಏರುಪೇರಾದ ಇಸಿಜಿ ಬಂದಾಗ ವಿದ್ಯುತ್ತನ್ನಷ್ಟೇ ಅಲ್ಲ, ಬೆಸುಗೆಯನ್ನೂ ನೆನೆಯಿರಿ. ನೋಡಲು ಬಂದಿರುವ ಊರಿನ ಬಂಧುಗಳೇ, ಮನೆತನದಲ್ಲಿ ಯಾರಾದರೂ ಎಳೆಯ ಪ್ರಾಯದಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ವಿಧಿಯೆಂದು ಸುಮ್ಮನಾಗಬೇಡಿ. ಉಳಿದವರ ಹೃದಯ ತಪಾಸಣೆ ಮಾಡಿಸಿ. ಒಳಗೆ ಮಕ್ಕಳು ವಿವರಿಸಲು ಕಾದಿದ್ದಾರೆ, ಸಂಕೋಚವಿಲ್ಲದೆ ಕೇಳಿ.

ಪ್ರದರ್ಶನ ಉದ್ಘಾಟನೆಗೊಂಡಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ.