ಅರೆ ನಿಮಿಷದ ಮಾತು



ನಲವತ್ತೈದು ನಿಮಿಷಗಳ ಪಾಠವನ್ನು ಗಂಟೆ ಬಾರಿಸಿದ ಮೇಲೂ ಐದು ನಿಮಿಷ ಎಳೆಯುವುದು ನನ್ನ ವೃತ್ತಿಯ ಹಳೆಯ ದುರಭ್ಯಾಸ. ಅಂಥವನು ಇಂದು ಅರೆ ನಿಮಿಷದ ಮಾತನ್ನು ಕುರಿತು ಮಾತನಾಡಲು ಹೊರಟಿದ್ದೇನೆ. ಇದಕ್ಕೆ ನನಗೆ ಅರ್ಹತೆಯಿದೆಯೆಂದಲ್ಲ. ಈ ವಿಷಯದಲ್ಲಿ ನಾನು ಒಮ್ಮೆ ಸೋತವನು ಎಂಬ ಕಾರಣಕ್ಕಾಗಿ.

ಸಣ್ಣ ವ್ಯಾಪಾರ ಮಾಡುವವರು ತಮ್ಮ ಕಸುಬನ್ನು ಅಪರಿಚಿತರಿಗೆ ಅತಿ ಸಂಕ್ಷೇಪವಾಗಿ ತಿಳಿಸುವ ಮಾತಿಗೆ ಅಮೆರಿಕದವರು ‘ಎಲಿವೇಟರ್ ಸ್ಪೀಚ್’ ಎನ್ನುತ್ತಾರೆ. ಎಲಿವೇಟರ್ ಎಂದರೆ ನಾವು ಲಿಫ್ಟ್ ಎಂದು ಕರೆಯುವ ಯಂತ್ರ. ದೊಡ್ಡ ಮನುಷ್ಯರೊಬ್ಬರು ನಿಮ್ಮೊಡನೆ ಲಿಫ್ಟನ್ನು ಹತ್ತಿದ್ದಾರೆ. ಅವರ ಮಹಡಿ ಬರುವುದರೊಳಗೆ ನಿಮ್ಮ ಮಾತು ಮುಗಿಯಬೇಕು. ಇದು ಆ ಹೆಸರಿನ ಹಿಂದಿರುವ ಕಲ್ಪನೆ.

ಆ ಯಂತ್ರದ ಚರಿತ್ರೆಯಲ್ಲಿಯೇ ಈ ವಿದ್ಯೆಗೊಂದು ಒಳ್ಳೆಯ ನಿದರ್ಶನವಿದೆ. ಹಗ್ಗ ಹರಿದರೆ ಗತಿಯೇನು ಎಂಬ ಭಯದಿಂದ ಹಿಂದೆ ಜನ ಅದನ್ನು ಹತ್ತಲು ಹಿಂಜರಿಯುತ್ತಿದ್ದರು. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸಿನ ವಸ್ತುಪ್ರದರ್ಶನದಲ್ಲಿ ಎಲಿಷಾ ಓಟಿಸ್ ಎಂಬಾತ ಎತ್ತರಕ್ಕೇರಿಸಿದ ಹಲಗೆಯ ಮೇಲೆ ತಾನೇ ನಿಂತು, ನೆರೆದವರ ಕಣ್ಣೆದುರಿಗೇ ಹಗ್ಗವನ್ನು ಕಡಿಸಿದ. ಹಲಗೆ ತುಸು ಜಾರಿ ನಿಂತಿತು. ಅಪಾಯವೇನೂ ಇಲ್ಲವೆಂದು ಒಂದೇ ಮಾತಿನಲ್ಲಿ ಸಾರಿದನಂತೆ. ತಡೆಯಂತ್ರದ ರಚನೆಯನ್ನು ಆತ ವಿವರಿಸಲಿಲ್ಲ. ನೋಡುವವರ ಮನಸ್ಸಿನಲ್ಲಿದ್ದ ಭಯವನ್ನು ಅರಿತು ಅದಕ್ಕೆ ಉತ್ತರ ಕೊಟ್ಟ. ಮೂರು ವರ್ಷಗಳ ತರುವಾಯ, 1857ರಲ್ಲಿ, ಅದೇ ಊರಿನ ಅಂಗಡಿಯೊಂದರಲ್ಲಿ ಜನರನ್ನು ಹೊತ್ತ ಅವನ ಲಿಫ್ಟು ಏರತೊಡಗಿತು.

ಹೆಸರು ಹೊರಗಿನದಾದರೂ ಈ ವಿವೇಕ ನಮಗೆ ಹೊಸತಲ್ಲ. 9ನೆಯ ಶತಮಾನದ ಕವಿರಾಜಮಾರ್ಗದಲ್ಲಿ ಮಾತುಬಲ್ಲವರ ತಾರತಮ್ಯವನ್ನು ಹೇಳುವ ಭಾಗವೊಂದಿದೆ. ತಾನು ಬಗೆದುದನ್ನು ಇತರರಿಗೆ ತಿಳಿಯುವಂತೆ ಹೇಳಬಲ್ಲವನು ಮಾತನ್ನರಿತವನು. ಕೆಲವೇ ನುಡಿಗಳಲ್ಲಿ ಹಿರಿದಾದ ಅರ್ಥವನ್ನು ತಿಳಿಸಬಲ್ಲವನು ಅವನಿಗಿಂತ ಮೇಲು. ಛಂದಸ್ಸಿನಲ್ಲಿ ನುಡಿಯನ್ನು ಹೊಂದಿಸುವವನ ಸ್ಥಾನ, ಮಹಾಕೃತಿಯನ್ನು ರಚಿಸುವವನ ಸ್ಥಾನ ಆಮೇಲಿನವು. ಈ ಭಾಗವನ್ನು ನಾನು ಎಂ. ಎ. ತರಗತಿಗಳಲ್ಲಿ ಎಷ್ಟೋ ವರ್ಷ ಬೋಧಿಸಿದೆ. ಅದರ ಎರಡನೆಯ ಮೆಟ್ಟಿಲು ಎಷ್ಟು ಕಡಿದಾದದ್ದೆಂಬುದು ಅರಿವಾದದ್ದು ಮಾತ್ರ ನಿವೃತ್ತನಾದ ಬಳಿಕ.

ಇಳಕಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಹೋದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಮನೆಗೆ ಬಂದಳು. ಮನೆಯಲ್ಲಿ ಎರಡು ಕೈಮಗ್ಗಗಳು. ಸೀರೆಗಳು ಮಾರಾಟವಾಗದೆ ಉಳಿದಿವೆ. ದಸರೆಯೊಳಗೆ ಬೇಡಿಕೆ ಬಾರದಿದ್ದರೆ ಒಂದು ಮಗ್ಗವನ್ನು ನಿಲ್ಲಿಸಬೇಕು. ಆ ಮಗ್ಗವನ್ನು ನಡೆಸುತ್ತಿದ್ದ ನೆರೆಮನೆಯ ಹೆಂಗಸಿಗೆ ಬೇರೆ ಜೀವನೋಪಾಯವಿಲ್ಲ. ಹುಬ್ಬಳ್ಳಿಯ ಬಟ್ಟೆ ಅಂಗಡಿಗಳಿಗೆ ಹೋಗಿ ಹೇಳಲು ನಾಲ್ಕು ಮಾತು ಬರೆದುಕೊಡಬೇಕೆಂಬುದು ಅವಳ ಕೋರಿಕೆ.

ನಾನು ಉತ್ಸಾಹದಿಂದ ಬರೆದೆ. ಜೇಡರ ದಾಸಿಮಯ್ಯನಿಂದ ಆರಂಭಿಸಿ ನೇಯ್ಗೆಯ ಪ್ರಾಚೀನತೆ, ಕಾಯಕದ ಮಹಿಮೆ, ಕನ್ನಡ ನಾರಿಯ ಉಡುಗೆಯ ಸೊಬಗು ಎಲ್ಲವನ್ನೂ ಒಂದೂವರೆ ಪುಟದಲ್ಲಿ ಅಡಕಗೊಳಿಸಿದೆನೆಂದು ಬೀಗಿದೆ. ಅವಳು ಅದನ್ನು ಬಾಯಿಪಾಠ ಮಾಡಿಕೊಂಡು ಹೋದಳು. ಅಂಗಡಿಯ ಯಜಮಾನರು ಮೂರನೆಯ ವಾಕ್ಯದವರೆಗೆ ಕೇಳಿ, “ಆಮ್ಯಾಲೆ ಬರ್ರಿ” ಎಂದರಂತೆ. ಅವಳು ಹಿಂದಿರುಗಿ ಬಂದು ಹೇಳಿದ ಮಾತು ಇದು: “ಸರ್, ನೀವು ಬರದದ್ದು ಭಾಳ ಛಂದ ಐತ್ರಿ. ಆದ್ರ ಅದರಾಗ ನಮ್ಮ ಸೀರಿನ ಇಲ್ರಿ.”

ನನ್ನ ಬರವಣಿಗೆಯ ಬಗ್ಗೆ ಅಷ್ಟು ಸರಿಯಾದ ವಿಮರ್ಶೆಯನ್ನು ಯಾವ ವಿಮರ್ಶಕರೂ ಮಾಡಿರಲಿಲ್ಲ.

ಆ ದಿನ ನಾನು ಲೇಖನಿಯನ್ನು ಕೆಳಗಿಟ್ಟು ಪ್ರಶ್ನೆ ಕೇಳಲು ತೊಡಗಿದೆ. ನಿನ್ನ ಸೀರೆಯಲ್ಲಿ ಬೇರೆಯವರದರಲ್ಲಿ ಇಲ್ಲದಿರುವುದು ಏನು? ಅವಳು ಸೀರೆಯೊಂದನ್ನು ಬಿಚ್ಚಿ ತೋರಿಸಿದಳು. ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಹಾಸುಗಳೂ ಬೇರೆ ಬೇರೆ. ಸೆರಗಿನ ಹಾಸಿನ ಎಳೆಗಳನ್ನು ಮೈಯ ಹಾಸಿನ ಎಳೆಗಳಿಗೆ ಕುಣಿಕೆಗಳಾಗಿ ಒಂದೊಂದಾಗಿ ಕೂಡಿಸಬೇಕು. ಇದನ್ನು ಕೊಂಡಿ ಎನ್ನುತ್ತಾರೆ. ಈ ಕಾರಣದಿಂದ ಹಾಸನ್ನು ಒಂದೊಂದು ಸೀರೆಗೂ ಪ್ರತ್ಯೇಕವಾಗಿಯೇ ಸಿದ್ಧಗೊಳಿಸಬೇಕಾಗುತ್ತದೆ.

ಸರಿ, ಇದು ನಿನ್ನ ಹೆಮ್ಮೆ. ಅಂಗಡಿಯವರ ಚಿಂತೆ ಏನು? ಅವಳು ಸ್ವಲ್ಪ ಯೋಚಿಸಿ ಹೇಳಿದಳು: ಕೈಮಗ್ಗದ್ದೆಂದು ನಂಬಿ ಕೊಂಡ ಸೀರೆ ಪವರ್‌ಲೂಮಿನದೆಂದು ತಿಳಿದರೆ ಗಿರಾಕಿ ಜಗಳಕ್ಕೆ ಬರುತ್ತಾರೆ. ಮಾತಿನ ಕೀಲು ನಮಗೆ ದೊರೆತದ್ದು ಅಲ್ಲಿ. ಅವಳ ಹೆಮ್ಮೆಯೂ ಅಂಗಡಿಯವರ ಚಿಂತೆಯೂ ಸಂಧಿಸುವ ಸ್ಥಳ ಆ ಕೊಂಡಿಯೇ ಆಗಿತ್ತು. ಇಬ್ಬರೂ ಕುಳಿತು ಮಾತನ್ನು ಅವಳ ನುಡಿಯಲ್ಲಿಯೇ ಹೀಗೆ ಕಟ್ಟಿದೆವು:

“ನಮಸ್ಕಾರ ಸಾವ್ಕಾರ್ರ. ನಾವು ಇಳಕಲ್ಲಿನವರು, ಮನ್ಯಾಗ ಎರಡು ಕೈಮಗ್ಗ ಅದಾವ್ರಿ. ಕೈಮಗ್ಗದ್ದಂತ ಮಾರಿದ ಸೀರಿ ಪವರ್‌ಲೂಮಿಂದು ಅಂತ ಗೊತ್ತಾದ್ರ ಗಿರಾಕಿ ನಿಮ್ಮನ್ನ ಕೇಳ್ತಾರ. ನಮ್ಮ ಸೀರಿಗೆ ಆ ಮಾತು ಬರಂಗಿಲ್ರಿ. ಮೈ ಹತ್ತಿ, ಸೆರಗು ರೇಷ್ಮಿ, ಎರಡೂ ಕೂಡಿಸಿದ ಕೊಂಡಿ ಇಲ್ಲೈತಿ, ಬೆರಳಿಟ್ಟು ನೋಡ್ರಿ. ಒಂದು ಸೀರಿ ಇಟ್ಟು ಹೋಗ್ತೀನಿ. ನಾಳಿ ಸಂಜಿಗೆ ಬಂದು ಕೇಳ್ಲೇನ್ರಿ?”

ಗಡಿಯಾರ ಹಿಡಿದು ನೋಡಿದೆ; ಅರೆ ನಿಮಿಷವೂ ಆಗಲಿಲ್ಲ. ಇದರಲ್ಲಿ ಐದು ಅಂಶಗಳಿವೆ. ನಾನು ಯಾರು, ಕೇಳುವವರ ತೊಂದರೆ ಏನು, ಅದಕ್ಕೆ ನನ್ನಲ್ಲಿರುವ ಪರಿಹಾರ ಏನು, ಅದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಏನು, ಈಗ ಅವರು ಮಾಡಬೇಕಾದದ್ದು ಏನು. ಕೊನೆಯದನ್ನು ನಮ್ಮವರು ಸಂಕೋಚದಿಂದ ಬಿಟ್ಟುಬಿಡುತ್ತಾರೆ. “ನಿಮ್ಮ ಕೃಪೆಯಿರಲಿ” ಎಂದು ಮುಗಿಸಿದರೆ ಕೇಳಿದವರು ಏನು ಮಾಡಬೇಕು? ಕೃಪೆಗೆ ದಿನ, ವೇಳೆ ಇರುವುದಿಲ್ಲ. ನಾಳೆ ಸಂಜೆಗೆ ಇದೆ. ಬೇಡಿಕೆ ಸಣ್ಣದಾಗಿದ್ದಷ್ಟೂ ಹೂಂ ಎನ್ನುವುದು ಸುಲಭ.

ಎರಡು ಎಚ್ಚರಿಕೆಗಳನ್ನು ಹೇಳಬೇಕು. ಮಾತನ್ನು ಗಿಳಿಪಾಠ ಮಾಡಬಾರದು. ಅಂಶಗಳ ಕ್ರಮ ಮನಸ್ಸಿನಲ್ಲಿರಲಿ. ಪದಗಳು ಎದುರಿಗಿರುವವರ ಮುಖವನ್ನು ನೋಡಿ ಬರಲಿ. ಅಂಗಡಿಯವರಿಗೆ ಹೇಳಿದ್ದನ್ನು ಉಡುವ ಹೆಣ್ಣುಮಗಳಿಗೆ ಹೇಳಲಾಗದು. ಆಕೆಯ ಚಿಂತೆ ಬಣ್ಣ ಬಿಡುವುದೇ, ಬೆಲೆ ಎಷ್ಟು ಎಂಬುದು. ಎರಡನೆಯದು ಸತ್ಯದ ವಿಚಾರ. ಮಾತು ಚಿಕ್ಕದಾದಷ್ಟೂ ಸುಳ್ಳಿಗೆ ಅಡಗಲು ಸ್ಥಳವಿರುವುದಿಲ್ಲ. ಕೊಂಡಿ ಇಲ್ಲದ ಸೀರೆಯನ್ನು ಹಿಡಿದು ‘ಬೆರಳಿಟ್ಟು ನೋಡಿ’ ಎನ್ನಲಾದೀತೇ?

ಅದೇ ಬೀದಿಯ ಇನ್ನೊಂದು ಅಂಗಡಿಗೆ ಅವಳು ಹೋದಳು. ಮಾತು ಮುಗಿದಾಗ ಆ ಯಜಮಾನರು ಹೊಗಳಲಿಲ್ಲ. “ಎಲ್ಲೈತಿ ಕೊಂಡಿ, ತೋರಸ್ರಿ” ಎಂದರು. ಅರೆ ನಿಮಿಷದ ಮಾತು ಪಡೆಯಬಹುದಾದ ದೊಡ್ಡ ಫಲ ಇಂಥ ಒಂದು ಪ್ರಶ್ನೆಯೇ. ಮಾರನೆಯ ಸಂಜೆ ಆರು ಸೀರೆಗಳಿಗೆ ಬೇಡಿಕೆ ಬಂತು. ಅದು ದೊಡ್ಡ ವ್ಯಾಪಾರವೇನಲ್ಲ. ಆದರೆ ಆ ದಸರೆಗೆ ಎರಡನೆಯ ಮಗ್ಗ ನಿಲ್ಲಲಿಲ್ಲ.

ನನ್ನ ಒಂದೂವರೆ ಪುಟವನ್ನು ಅವಳು ಇನ್ನೂ ಜೋಪಾನವಾಗಿ ಇಟ್ಟಿದ್ದಾಳಂತೆ, ಗುರುವಿನ ಮೇಲಣ ಗೌರವದಿಂದ. ಅದರ ಬೆನ್ನ ಮೇಲೆ ಈಗ ಸೀರೆಯ ಲೆಕ್ಕ ಬರೆಯುತ್ತಿದ್ದಾಳೆಂದು ಕೇಳಿ ನನಗೆ ನಿಜವಾಗಿಯೂ ಸಂತೋಷವಾಯಿತು.