ಗೃಹಸಾಲ: ಅವಧಿಗೆ ಮುನ್ನ ತೀರಿಸಬೇಕೇ, ಹೇಗೆ?

(ನೆರಿಯದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬಡ್ಡಿ ನಿಷಿದ್ಧವೆಂಬುದನ್ನು ಈ ಸಭೆಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಗೃಹಸಾಲದ ಕಂತು ಕಟ್ಟುತ್ತಿರುವ ಮನೆಗಳು ನಮ್ಮ ನಡುವೆ ಇವೆ ಎಂಬುದೂ ಸುಳ್ಳಲ್ಲ. ಅಂಥವರನ್ನು ಮಿಂಬರ್‌ನಿಂದ ಗದರಿಸುವುದು ಸುಲಭ. ಹೊರಬರುವ ದಾರಿ ತೋರಿಸುವವರು ಕಡಿಮೆ. ಇಂದು ನಾವು ಆ ದಾರಿಯ ಕುರಿತೇ ಮಾತನಾಡಲು ಬಯಸುತ್ತೇವೆ.

ಮೊದಲು ಲೆಕ್ಕ. ಶೇ. 9ರ ಬಡ್ಡಿಯಲ್ಲಿ 20 ವರ್ಷಕ್ಕೆ 10 ಲಕ್ಷ ಸಾಲ ಪಡೆದರೆ ತಿಂಗಳ ಕಂತು ಸುಮಾರು 8,997 ರೂಪಾಯಿ. ಮೊದಲ ಕಂತಿನಲ್ಲಿ 7,500 ರೂಪಾಯಿ ಬಡ್ಡಿಗೇ ಹೋಗುತ್ತದೆ. ವರ್ಷವಿಡೀ ಒಂದು ಲಕ್ಷಕ್ಕೂ ಮಿಕ್ಕಿ ಕಟ್ಟಿದ ಮೇಲೆ ಅಸಲು ಇಳಿದಿರುವುದು 19 ಸಾವಿರಕ್ಕಿಂತಲೂ ಕಡಿಮೆ! ಆಗ ಅಡಿಕೆ ಮಾರಿದ ಹಣದಿಂದಲೋ ಗಲ್ಫಿನ ಉಳಿತಾಯದಿಂದಲೋ ಒಂದು ಲಕ್ಷ ಹೆಚ್ಚುವರಿಯಾಗಿ ಕಟ್ಟಿ, ಕಂತನ್ನು ಹಾಗೆಯೇ ಮುಂದುವರಿಸಿದರೆ, ಸಾಲವು ನಾಲ್ಕು ವರ್ಷ ಮೊದಲೇ ಮುಗಿಯುತ್ತದೆ. ಬಡ್ಡಿಯಲ್ಲಿ ಸುಮಾರು ಮೂರೂವರೆ ಲಕ್ಷ ಉಳಿಯುತ್ತದೆ. ಅದೇ ಹಣಕ್ಕೆ ಅವಧಿಯ ಬದಲು ಕಂತನ್ನು ತಗ್ಗಿಸಿಕೊಂಡರೆ ಉಳಿಯುವುದು ಒಂದು ಲಕ್ಷದ ಆಸುಪಾಸು ಮಾತ್ರ. ಆದ್ದರಿಂದ ಹಣವನ್ನು ಅಸಲಿಗೆ ಜಮಾ ಮಾಡಿ ಅವಧಿಯನ್ನು ಕಡಿತಗೊಳಿಸಬೇಕೆಂದು ಬ್ಯಾಂಕಿಗೆ ಬರೆದೇ ಕೊಡಬೇಕು. ಈ ಲಾಭವಿರುವುದು ಆರಂಭದ ವರ್ಷಗಳಲ್ಲಿ. ಕೊನೆಯ ವರ್ಷಗಳ ಕಂತಿನಲ್ಲಿ ಬಡ್ಡಿಯ ಪಾಲೇ ಅಲ್ಪ.

ದಂಡ ಬೀಳುತ್ತದೆಂಬ ಭಯ ಇನ್ನೂ ಕೆಲವರಲ್ಲಿದೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಮೊದಲೇ ತೀರಿಸುವವರಿಂದ ದಂಡ ವಸೂಲು ಮಾಡಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಬ್ಯಾಂಕುಗಳಿಗೆ ಆದೇಶಿಸಿದೆ. ಸ್ಥಿರ ದರದ ಸಾಲವಾದರೆ ಮಾತ್ರ ಕರಾರುಪತ್ರವನ್ನು ಓದಿ ನೋಡಬೇಕು.

ಹಾಗೆಂದು ಕೈಯಲ್ಲಿದ್ದುದನ್ನೆಲ್ಲ ಬರಿದು ಮಾಡಿ ಸಾಲ ತೀರಿಸಲು ಹೊರಡುವುದನ್ನು ನಾವು ಒಪ್ಪುವುದಿಲ್ಲ. 2019ರ ಆಗಸ್ಟಿನ ನೆರೆಯು ಬೆಳ್ತಂಗಡಿ ತಾಲೂಕಿನ ಮನೆ, ತೋಟಗಳಿಗೆ ಏನು ಮಾಡಿತೆಂಬುದನ್ನು ತಾವು ಕಂಡವರು. ಮರುವರ್ಷ ಕೊರೋನಾದಿಂದಾಗಿ ಗಲ್ಫಿನ ದುಡಿಮೆ ಕಳಕೊಂಡು ಬರಿಗೈಯಲ್ಲಿ ಮರಳಿದವರೂ ಇದ್ದಾರೆ. ಆರು ತಿಂಗಳ ಸಂಸಾರದ ಖರ್ಚು, ಕಂತುಗಳ ಸಹಿತ, ಮೊದಲು ಪ್ರತ್ಯೇಕವಾಗಿರಲಿ. ಚಿನ್ನ ಅಡವಿಟ್ಟು ಗೃಹಸಾಲ ತೀರಿಸುವುದಂತೂ ಒಂದು ಬಡ್ಡಿಯಿಂದ ಇನ್ನೊಂದು ಬಡ್ಡಿಗೆ ಬೀಳುವುದಷ್ಟೆ. ಅಂದಹಾಗೆ, ಪತ್ನಿಯ ಮಹ್ರ್‌ನ ಚಿನ್ನ ಪತ್ನಿಯದ್ದು. ಅವಳ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟುವ ಹಕ್ಕು ಗಂಡನಿಗಿಲ್ಲ.

ಜಮಾಅತ್‌ಗಳೊಡನೆಯೂ ನಮಗೊಂದು ಮಾತಿದೆ. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರೂ ಸೇರಿದ್ದಾರೆ. ಮನೆಯೇ ಹರಾಜಿಗೆ ಬರುವವರೆಗೆ ಅವರ ನೆನಪಾಗದಿರುವುದೇಕೆ? ಪ್ರತಿ ಜಮಾಅತ್ತೂ ಕರ್ಜೆ ಹಸನ್‌ನ ಒಂದು ಸಣ್ಣ ನಿಧಿ ಸ್ಥಾಪಿಸಿದರೆ, ವರ್ಷಕ್ಕೆ ಒಂದೋ ಎರಡೋ ಕುಟುಂಬಗಳ ಕೊನೆಯ ಬಾಕಿಯನ್ನು ತೀರಿಸಿ, ಬಡ್ಡಿಯಿಲ್ಲದೆ ಮರಳಿ ಪಡೆಯಬಹುದು. ಮದುವೆಯ ಪೆಂಡಾಲಿಗೆ ಸುರಿಯುವ ಹಣದ ಒಂದಂಶ ಸಾಕು.

ಸಾಲ ಮುಗಿದ ದಿನ ಖುಷಿಯಲ್ಲಿ ಬರಿಗೈಯಲ್ಲಿ ಮನೆಗೆ ಬರಬೇಡಿ. ಬಾಕಿಯಿಲ್ಲವೆಂಬ ಪತ್ರ ಪಡೆಯಿರಿ, ಆರ್‌ಟಿಸಿಯಲ್ಲಿ ಋಣಭಾರ ದಾಖಲಾಗಿದ್ದರೆ ತೆಗೆಸಿರಿ. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಮೂಲ ದಾಖಲೆಗಳನ್ನು 30 ದಿನಗಳೊಳಗೆ ಹಿಂದಿರುಗಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೇಳುವ ಹಕ್ಕು ತಮಗಿದೆ.